ಜನರೇಟರ್ ಪಕ್ಕದ ರೂಮು

ಬಗೆಬಗೆಯ ಜನ ಒಂದೇ ರೂಮಿನಲ್ಲಿ ದಿನವಿಡೀ ಕೂತು ಕೆಲಸ ಮಾಡಿದರೆ ನಗುವ ಪ್ರಸಂಗಗಳಿಗೆ ಬರವಿರುವುದಿಲ್ಲ. ಈಗೀಗ ಕಂಪನಿಗಳಲ್ಲಿ ಎಲ್ಲ ಥರದವರನ್ನೂ ಸೇರಿಸಿಕೊಂಡು ಟೀಮು ಕಟ್ಟುವುದರ ಲಾಭಗಳೇನು ಎಂದು ಏಸಿ ಹಾಲ್‌ನಲ್ಲಿ ಕೂರಿಸಿ ಪಾಠ ಮಾಡುತ್ತಾರೆ. ನಾನೂ ಹಿಂದಿನ ಸಾಲಿನಲ್ಲಿ ಕೂತು, ಕೊಟ್ಟ ಬಿಸ್ಕತ್ತು ತಿಂದು, ತಲೆಯಾಡಿಸಿ ಬರುತ್ತೇನೆ. ಮನಸ್ಸು ಮಾತ್ರ ಇಸವಿ ಎರಡು ಸಾವಿರದ ಆಸುಪಾಸಿನ, ಚೆನ್ನೈ ಅಂಚಿನ ಶೋಳಿಂಗನಲ್ಲೂರಿಗೆ, ನಮ್ಮ ಜನರೇಟರ್ ಪಕ್ಕದ ರೂಮಿಗೆ ಓಡಿಹೋಗಿರುತ್ತದೆ. ಆ ರೂಮಿನಿಂದ ಕಂಪನಿಗೆ ಎಷ್ಟು ಲಾಭವಾಯಿತೋ ಅವರಿಗೇ ಗೊತ್ತು. ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾದದ್ದಂತೂ ನಿಜ.

ಯಾರಿಗೂ ಬೇಡದವರು

ನಾವು ತಿರುವಲ್ಲಿಕ್ಕೇಣಿಯವರು. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆನಿಂತ ಮನೆತನ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೆ, ಅವಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಸೇರಿದೆ. ಸಂಜೆ ಆಫೀಸ್ ಬಸ್ಸು ಹೊರಡುವ ಹೊತ್ತಿಗೆ ನಾನೂ ಹೊರಡುತ್ತೇನೆ ಎಂದು ಮೊದಲೇ ಹೇಳಿದ್ದರಿಂದ ಯಾವ ಟೀಮಿನವರೂ ನನ್ನನ್ನು ತೆಗೆದುಕೊಳ್ಳಲಿಲ್ಲ.

ನನ್ನ ಹಾಗೆ ಬೇಡವಾದವರು ಇನ್ನೂ ನಾಲ್ವರಿದ್ದರು. ಒಬ್ಬಳು ಕಾಸಿಮೇಡಿನ ಹುಡುಗಿ. ಅವಳ ತಾಯಿ ಬೆಳಗಿನ ಜಾವ ಹಾರ್ಬರಿನ ಹರಾಜಿನಲ್ಲಿ ಮೀನು ಕೊಂಡು ಮಾರುವವರು. ಹರಾಜಿನಲ್ಲಿ ಕೂಗಿ ಅಭ್ಯಾಸವಾದ ಗಂಟಲು ಮಗಳಿಗೂ ಬಂದಿತ್ತು, ಅವಳು ಗುಟ್ಟು ಹೇಳಿದರೆ ಲಿಫ್ಟಿನವರೆಗೆ ಕೇಳುತ್ತಿತ್ತು. ಇನ್ನೊಬ್ಬ ಹುಬ್ಬಳ್ಳಿ ಹುಡುಗ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೋಯಂಬೇಡು ಮಾರ್ಕೆಟ್ಟಿನಲ್ಲಿ ಅವನ ಅಪ್ಪನ ಈರುಳ್ಳಿ ಮಂಡಿ. ತಮಿಳು ಬಾರದು ಎಂದು ಅವನು ಬೇಡವಾಗಿದ್ದ. ಮೂರನೆಯವರು ವೇಲೂರು ಕಡೆಯ ನಿವೃತ್ತ ಸುಬೇದಾರರು. ಪಟ್ಟಾಗಿ ಕೂತು ಕಂಪ್ಯೂಟರ್ ಕಲಿತಿದ್ದರು, ವಯಸ್ಸಾಯಿತು ಎಂದು ಬೇಡವಾಗಿದ್ದರು. ನಾಲ್ಕನೆಯವನು ಮಧುರೈ ಹುಡುಗ. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದ, ಕೈಸನ್ನೆಯಲ್ಲಿ ಮಾತಾಡುತ್ತಿದ್ದ, ಉಳಿದದ್ದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ. ಒಳ್ಳೆಯ ಡಿಗ್ರಿ ಇದ್ದರೂ ಅವನನ್ನು ಎಲ್ಲ ಕಡೆಯಿಂದಲೂ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಇದು ಅವನಿಗೆ ಸಿಕ್ಕ ಮೊದಲ ಕೆಲಸ.

ಡೈರೆಕ್ಟರು ನಮ್ಮೈವರನ್ನೂ ಒಟ್ಟಿಗೆ ಹಾಕಿ ನನ್ನನ್ನು ಮುಖ್ಯಸ್ಥೆ ಮಾಡಿದರು. ಅವರು ಮೈಲಾಪುರದ ಮಡಿವಂತ ಮನೆತನದವರು, ಇಸ್ತ್ರಿ ಮುರಿಯದ ಶರಟು, ಹಣೆಯಲ್ಲಿ ತೆಳ್ಳಗೆ ಕುಂಕುಮದ ಗೆರೆ. ಟೀಮು ಎಂದರೆ ಒಂದೇ ಕಾಲೇಜು, ಒಂದೇ ವಯಸ್ಸು, ಒಂದೇ ಥರದ ಇಂಗ್ಲಿಷು ಇರಬೇಕು ಎಂಬುದು ಅವರ ಸಿದ್ಧಾಂತ. ನನ್ನನ್ನು ಕರೆದು, "ಆ ಮಧುರೈ ಹುಡುಗನನ್ನು ಆರು ತಿಂಗಳು ನೋಡೋಣಮ್ಮ. ಮೀಟಿಂಗಿನಲ್ಲಿ ಕೂತು ಅವನೇನು ಮಾಡ್ತಾನೆ? ಗಿರಾಕಿ ಬಂದರೆ ಏನು ಮಾತಾಡ್ತಾನೆ? ಸರಿಹೋಗದಿದ್ದರೆ ಕಳಿಸಿಬಿಡಬೇಕಾಗುತ್ತೆ" ಎಂದರು.

ನಮಗೆ ಕೊಟ್ಟದ್ದು ಹಿಂಭಾಗದ ರೂಮು. ಅದರ ಕಿಟಕಿಗೆ ಅಂಟಿದಂತೆ ದೊಡ್ಡ ಜನರೇಟರ್. ಅದು ಓಡತೊಡಗಿದರೆ ಅಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ ಎಂದು ಎಲ್ಲ ಟೀಮಿನವರೂ ಆ ರೂಮನ್ನು ಬಿಟ್ಟು ಓಡಿದ್ದರು. ಮಧುರೈ ಹುಡುಗ ಒಳಗೆ ಬಂದು ಕಿಟಕಿ, ಗಾಳಿ, ಬೆಳಕು ಎಲ್ಲ ನೋಡಿ ಬೋರ್ಡಿನ ಮೇಲೆ ಬರೆದ: "ಇಷ್ಟು ಒಳ್ಳೆಯ ರೂಮನ್ನು ಯಾಕೆ ಖಾಲಿ ಬಿಟ್ಟಿದ್ದರು?"

ದುಭಾಷಿ

ಮೊದಲ ವಾರ ನಾನು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಹುಬ್ಬಳ್ಳಿ ಹುಡುಗ ಕುರ್ಚಿಯಿಂದ ಜಿಗಿದೆದ್ದ. "ಮೇಡಮ್ಮರ, ನೀವು ನಮ್ಮವರs ಅದೀರಲ್ರಿ! ಮೊದಲs ಹೇಳಬಾರದೇನ್ರಿ?" ಎಂದವನು, ಆಮೇಲೆ ಊರು, ಮಂಡಿ, ಅಪ್ಪ, ಚೆನ್ನೈನ ಬಿಸಿಲು ಎಲ್ಲದರ ಬಗ್ಗೆ ಉಸಿರು ಬಿಡದೆ ಹೇಳಿದ. ನನಗೆ ಅರ್ಧ ತಿಳಿಯಲಿಲ್ಲ. ನಾನು, "ಕುಂಜ ನಿಧಾನವಾಗಿ ಹೇಳಪ್ಪ, ಪುರಿಯಲಿಲ್ಲ" ಎಂದೆ. ಸ್ವಲ್ಪ ನಿಧಾನವಾಗಿ ಹೇಳು, ಅರ್ಥವಾಗಲಿಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಹೀಗೇ ಅನ್ನುವುದು. ಅವನು ಕಣ್ಣು ಕಣ್ಣು ಬಿಟ್ಟ.

ಆಗ ಮೂಲೆಯಿಂದ ಸುಬೇದಾರರು ಎದ್ದು ಬಂದರು. ಅವರು ಬೆಳಗಾವಿಯ ದಂಡಿನಲ್ಲಿ ಬಹಳ ಕಾಲ ಇದ್ದವರು. ಅವನು ಹೇಳಿದ್ದನ್ನು ನನಗೆ ತಮಿಳಿನಲ್ಲಿ ಹೇಳಿದರು, ನಾನು ಹೇಳಿದ್ದನ್ನು ಅವನಿಗೆ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರು. ಇಬ್ಬರು ಕನ್ನಡಿಗರು ಕನ್ನಡದಲ್ಲಿ ಮಾತಾಡಿಕೊಳ್ಳಲು ವೇಲೂರಿನ ತಮಿಳರು ಮಧ್ಯೆ ನಿಲ್ಲಬೇಕಾಯಿತು. ಕೊನೆಗೆ ಅವರು ಗಂಭೀರವಾಗಿ, "ಅಮ್ಮಾ, ಗಡಿಯಲ್ಲಿ ಕೂಡ ಇಷ್ಟು ಕಷ್ಟಪಟ್ಟಿಲ್ಲ" ಎಂದರು.

ಅಜ್ಜಿಯ ಉಪಾಯ

ಮಧ್ಯಾಹ್ನ ಊಟಕ್ಕೆ ಐವರೂ ಒಂದೇ ಮೇಜಿಗೆ ಕೂರುತ್ತಿದ್ದೆವು. ಮೊದಮೊದಲು ಕಾಸಿಮೇಡು ಹುಡುಗಿ ತನ್ನ ಡಬ್ಬಿ ಹಿಡಿದು ಮೆಟ್ಟಿಲ ಹತ್ತಿರ ಹೋಗಿ ಕೂರುತ್ತಿದ್ದಳು. "ಮೀನು ಅಕ್ಕಾ, ನಿಮಗೆ ವಾಸನೆ ಆಗಲ್ಲ" ಎಂದಳು. ಆ ಮಾತು ನನ್ನ ಮನಸ್ಸಿಗೆ ಚುಚ್ಚಿತು. ಕೈ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲೇ ಕೂರಿಸಿದೆ. ಒಂದು ವಾರ ಉಸಿರು ಬಿಗಿಹಿಡಿದೆ, ಆಮೇಲೆ ಮೂಗಿಗೂ ಅಭ್ಯಾಸವಾಯಿತು.

ಕಷ್ಟ ಮನೆಯಲ್ಲಿತ್ತು. ನನ್ನ ತಾಯಿಯ ತಾಯಿ ನಮ್ಮ ಜೊತೆಗೇ ಇದ್ದರು. ಮಡಿಯ ಅಡುಗೆ, ಈರುಳ್ಳಿಗೂ ಪ್ರವೇಶವಿಲ್ಲದ ಅಡುಗೆಮನೆ. ಹುಬ್ಬಳ್ಳಿ ಹುಡುಗ ಪ್ರೀತಿಯಿಂದ ಕೊಟ್ಟ ಒಂದು ಚೀಲ ಉಳ್ಳಾಗಡ್ಡಿಯನ್ನು ನಾನು ಬೀದಿಯ ಬಾಗಿಲಲ್ಲೇ ಪಕ್ಕದ ಮನೆಗೆ ದಾಟಿಸಿದ್ದೆ. ಅಂಥ ಅಜ್ಜಿ ಒಂದು ದಿನ ಕೇಳಿದರು.

"ನಿನ್ನ ಪಕ್ಕದಲ್ಲಿ ಕೂರೋ ಪೊಣ್ಣು ಊಟಕ್ಕೆ ಏನು ತರ್ತಾಳೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೀನು" ಎಂದೆ.

ಅಜ್ಜಿ ಮಾರನೆಯ ದಿನ ನನ್ನ ಕೈಗೆ ಎರಡು ಡಬ್ಬಿ ಪುಳಿಯೋಗರೆ ಕೊಟ್ಟರು. "ಒಂದು ಆ ಪೊಣ್ಣಿಗೆ. ಪಾವಂ, ದೂರದಿಂದ ಬರ್ತಾಳೆ. ಇದರಲ್ಲೇ ಹೊಟ್ಟೆ ತುಂಬಿದರೆ ಆ ಡಬ್ಬಿ ತೆಗೆಯೋ ಕೆಲಸವೇ ಇರಲ್ಲ."

ಅಜ್ಜಿಯ ರಾಜತಂತ್ರಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮಧ್ಯಾಹ್ನ ಡಬ್ಬಿ ಕೊಟ್ಟೆ. ಅವಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ತನ್ನ ಡಬ್ಬಿ ತೆಗೆದು ಹುರಿದ ವಂಜಿರಂ ಮೀನಿನ ತುಂಡೊಂದನ್ನು ಪುಳಿಯೋಗರೆಯ ಮೇಲಿಟ್ಟು ಮತ್ತೆ ತಿಂದಳು. "ಅಕ್ಕಾ! ಪಾಟಿಯ ಪುಳಿಯೋದರೈಗೂ ವಂಜಿರಂಗೂ ಎಂಥ ಜೋಡಿ ಗೊತ್ತಾ!" ಎಂದು ಅವಳು ಕೂಗಿದ್ದು ರಿಸೆಪ್ಷನ್ನಿಗೂ ಕೇಳಿಸಿತು. ತಮಿಳಿನ ಪಾಟಿ ಎಂದರೆ ಅಜ್ಜಿ. ಸುಬೇದಾರರೂ ಮಧುರೈ ಹುಡುಗನೂ ತಟ್ಟೆ ಮುಂದೆ ಹಿಡಿದರು.

ಸಂಜೆ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. "ಇಷ್ಟವಾಯ್ತಾ ಅವಳಿಗೆ?"

"ತುಂಬಾ ಇಷ್ಟವಾಯ್ತು ಅಜ್ಜಿ. ದಿನಾ ಬೇಕಂತೆ" ಎಂದೆ. ಯಾವುದರ ಜೊತೆಗೆ ಎಂದು ಮಾತ್ರ ಹೇಳಲಿಲ್ಲ.

ಸ್ವಿಚ್ಚು

ಮಧುರೈ ಹುಡುಗನನ್ನು ಕರೆಯುವುದು ಹೇಗೆ ಎಂಬುದೇ ನಮಗೆ ಮೊದಲು ದೊಡ್ಡ ಪ್ರಶ್ನೆಯಾಗಿತ್ತು. ಕಾಸಿಮೇಡು ಹುಡುಗಿ ಅಭ್ಯಾಸಬಲದಿಂದ ಕೂಗುತ್ತಿದ್ದಳು. ಅವನೊಬ್ಬನನ್ನು ಬಿಟ್ಟು ಇಡೀ ಮಹಡಿಯವರು ಎದ್ದು ನಿಲ್ಲುತ್ತಿದ್ದರು. ಸುಬೇದಾರರು ಹೋಗಿ ಭುಜ ತಟ್ಟುತ್ತಿದ್ದರು. ಅವರ ಕೈ ಭಾರಕ್ಕೆ ಆ ಹುಡುಗನ ಕನ್ನಡಕ ಕೀಬೋರ್ಡಿನ ಮೇಲೆ ಬೀಳುತ್ತಿತ್ತು.

ಕೊನೆಗೆ ಅವನೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದ. ಬಾಗಿಲ ಪಕ್ಕದ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಬೇಕು. ಟ್ಯೂಬ್‌ಲೈಟು ಮಿನುಗಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ತಿರುಗಬೇಕು. ಮಾತಾಡಬೇಕಾದವರು ಕೈ ಎತ್ತಬೇಕು, ಒಬ್ಬರು ಮುಗಿಸಿದ ಮೇಲೇ ಇನ್ನೊಬ್ಬರು. ಒಬ್ಬನಿಗಾಗಿ ಮಾಡಿಕೊಂಡ ಈ ಏರ್ಪಾಡು ನಮಗೆಲ್ಲ ಅಂಟಿಕೊಂಡಿತು. ಬೇರೆ ಟೀಮುಗಳ ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು. ನಮ್ಮಲ್ಲಿ ಮಾತ್ರ ಯಾರ ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ, ಮೀಟಿಂಗೂ ಬೇಗ ಮುಗಿಯುತ್ತಿತ್ತು.

ಈ ಅಭ್ಯಾಸ ನಮ್ಮ ಜೊತೆಗೆ ಮನೆಗಳಿಗೂ ಬಂತು. ಹುಬ್ಬಳ್ಳಿ ಹುಡುಗ ಮಂಡಿಯಲ್ಲಿ ಅಪ್ಪನನ್ನು ಕರೆಯಲು ಲೈಟು ಆರಿಸಿ ಹಾಕಿದ. ಕರೆಂಟು ಹೋಗುತ್ತದೆ ಎಂದು ಅಲ್ಲಿದ್ದ ಗಿರಾಕಿಗಳೆಲ್ಲ ಮೂಟೆ ಬಿಟ್ಟು ಹೊರಗೆ ಓಡಿದರಂತೆ. ನಾನೂ ಒಂದು ಸಂಜೆ ಮನೆಯವರನ್ನು ಊಟಕ್ಕೆ ಕರೆಯಲು, ಯೋಚನೆಯೇ ಇಲ್ಲದೆ ಹಾಲಿನ ಲೈಟು ಮಿನುಗಿಸಿದೆ. ಮಗಳು, "ಅಮ್ಮಾ, ಎನ್ನಮ್ಮಾ ಪಣ್ಣಿಟ್ಟಿರುಕ್ಕೆ?" ಎಂದಳು, ಏನಮ್ಮ ಮಾಡ್ತಿದ್ದೀಯ ಎಂದು. ಯಜಮಾನರು ಮಾತ್ರ ಏನೂ ಕೇಳಲಿಲ್ಲ. ಟಿವಿ, ಫ್ರಿಜ್ಜು ಎಲ್ಲದರ ಪ್ಲಗ್ಗು ಕಿತ್ತು, ಎಲೆಕ್ಟ್ರಿಸಿಟಿ ಬೋರ್ಡಿಗೆ ಫೋನ್ ಮಾಡಿ ದೂರು ಕೊಟ್ಟು, ಆಮೇಲೆ ಊಟಕ್ಕೆ ಬಂದರು.

ಯಂತ್ರಕ್ಕೆ ಬಂದ ಕಷ್ಟ

ನಮ್ಮ ಕೆಲಸ ಏನೆಂದು ಹೇಳಲೇ ಇಲ್ಲ. ಹೊರದೇಶದ ರೈಲು ಕಂಪನಿಯೊಂದಕ್ಕೆ ಟಿಕೆಟ್ ಕೊಡುವ ಯಂತ್ರದ ಸಾಫ್ಟ್‌ವೇರನ್ನು ನಮ್ಮ ಆಫೀಸು ಬರೆಯುತ್ತಿತ್ತು. ಬೀರುವಿನಷ್ಟು ಎತ್ತರದ ಒಂದು ಯಂತ್ರ ನಮ್ಮ ರೂಮಿನಲ್ಲೇ ನಿಂತಿತ್ತು. ಅದನ್ನು ಬಳಸಿ ನೋಡಿ ತಪ್ಪು ಹುಡುಕುವುದು ನಮ್ಮ ಪಾಲಿನದು. ಅದಕ್ಕೂ ಮೊದಲು ಡೈರೆಕ್ಟರರ ಮೆಚ್ಚಿನ ಟೀಮಿನವರು ಪರೀಕ್ಷೆ ಮಾಡಿ, ಒಂದೂ ತಪ್ಪಿಲ್ಲ ಎಂದಿದ್ದರು. ಅವರೆಲ್ಲರೂ ಕೊಟ್ಟ ಮಾದರಿಯ ಹೆಸರನ್ನೇ ಬಡಿದು, ಕೊಟ್ಟ ಕ್ರಮದಲ್ಲೇ ಗುಂಡಿ ಒತ್ತಿದ್ದರು.

ನಮ್ಮವರು ತಂತಮ್ಮ ಹೆಸರು ಬಡಿದರು. ಕಾಸಿಮೇಡು ಹುಡುಗಿಗೆ ತಮಿಳುನಾಡಿನ ಎಲ್ಲರ ಹಾಗೆ ಒಂದು ಇನಿಷಿಯಲ್ಲು, ಒಂದು ಹೆಸರು, ಅಷ್ಟೇ. ಮನೆತನದ ಹೆಸರು ಕೊಡದಿದ್ದರೆ ಮುಂದೆ ಬಿಡುವುದಿಲ್ಲ ಎಂದು ಯಂತ್ರ ಹಟ ಹಿಡಿಯಿತು. ಹುಬ್ಬಳ್ಳಿ ಹುಡುಗನ ಮನೆತನದ ಹೆಸರು ಎಷ್ಟು ಉದ್ದ ಎಂದರೆ ಅದು ಮುಗಿಯುವ ಮೊದಲೇ ಟಿಕೆಟ್ ಮುಗಿಯಿತು. ಸುಬೇದಾರರು ಗುಂಡಿ ಒತ್ತಿದ ಜೋರಿಗೆ ಯಂತ್ರ ಒಂದರ ಬದಲು ಒಂದು ಪ್ಲಟೂನಿಗೆ ಸಾಕಾಗುವಷ್ಟು ಟಿಕೆಟ್ ಉಗುಳಿತು.

ಮಧುರೈ ಹುಡುಗ ಮಾತ್ರ ಯಂತ್ರದ ಮುಂದೆ ಸುಮ್ಮನೆ ನಿಂತೇ ಇದ್ದ. ಅವನೇನೋ ತಪ್ಪು ಗುಂಡಿ ಒತ್ತಿದ್ದ. ಯಂತ್ರ ಕೀ ಕೀ ಎಂದು ಬಡಕೊಳ್ಳುತ್ತಿತ್ತು, ಪರದೆಯ ಮೇಲೆ ಏನೂ ಇರಲಿಲ್ಲ. ನಾವು ಕಿವಿ ತೋರಿಸಿ ಹೇಳಿದೆವು. ಅವನು ಬೋರ್ಡಿಗೆ ಹೋಗಿ ಬರೆದ: "ಇದು ನಿಮ್ಮ ಜೊತೆ ಮಾತ್ರ ಮಾತಾಡುತ್ತಿದೆ. ನನ್ನ ಜೊತೆ ಮಾತು ಬಿಟ್ಟಿದೆ." ನಾವು ನಕ್ಕೆವು, ಆಮೇಲೆ ನಗು ನಿಂತಿತು. ಹುಬ್ಬಳ್ಳಿ ಹುಡುಗ ಎರಡು ದಿನ ಕೂತು, ತಪ್ಪು ಒತ್ತಿದರೆ ಕೆಂಪು ದೀಪ ಮಿನುಗಿ ಪರದೆಯ ಮೇಲೂ ತಿಳಿಸುವ ಹಾಗೆ ಮಾಡಿದ.

ನಾವು ಹಿಡಿದ ತಪ್ಪುಗಳನ್ನೆಲ್ಲ ಕೇಳಿ ಡೈರೆಕ್ಟರರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವರು ಕೆಂಡವಾದರು. "ಆ ಟೀಮಿಗೆ ಒಂದೂ ಸಿಗಲಿಲ್ಲ, ನಿಮಗೆ ಮಾತ್ರ ಇಷ್ಟೊಂದು ಹೇಗೆ ಸಿಗುತ್ತೆ? ನೀವು ಬಳಸೋದೇ ಸರಿಯಿಲ್ಲ" ಎಂದರು. ಈ ತಪ್ಪುಗಳನ್ನು ನಾವು ಮನೆಯಿಂದ ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದೇವೆ ಎನ್ನುವ ಹಾಗಿತ್ತು ಅವರ ಮಾತು.

ಗಿರಾಕಿ ಬಂದ ದಿನ

ಆರು ತಿಂಗಳು ಮುಗಿಯುವ ವಾರದಲ್ಲೇ ರೈಲು ಕಂಪನಿಯ ಮೇಡಮ್ ಯಂತ್ರ ನೋಡಲು ಬಂದರು. ಹಿಂದಿನ ದಿನ ಡೈರೆಕ್ಟರು ನನ್ನನ್ನು ಕರೆದು, "ನಾಳೆ ಆ ಹುಡುಗನಿಗೆ ರಜೆ ಕೊಟ್ಟುಬಿಡಿ" ಎಂದರು.

"ಸಾರ್, ಆ ಯಂತ್ರದ ಜೊತೆ ಎಲ್ಲರಿಗಿಂತ ಹೆಚ್ಚು ಜಗಳವಾಡಿದವನು ಅವನೇ. ಅವನು ಇರಲೇಬೇಕು" ಎಂದೆ.

"ಸರಿ, ಮೂಲೆಯಲ್ಲಿ ಕೂತಿರಲಿ. ಮಾತಾಡೋದೆಲ್ಲ ನಾನು. ನಾಳೆ ಹೇಗೆ ನಡೆಯುತ್ತೋ ನೋಡಿ ಅವನ ವಿಷಯ ತೀರ್ಮಾನ ಮಾಡ್ತೀನಿ" ಎಂದರು. ಸಂಜೆ ಮಧುರೈ ಹುಡುಗ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದ. ಏನಿಲ್ಲ ಎಂದೆ. ತುಟಿ ಓದುವವನಿಗೆ ಮುಖ ಓದುವುದು ಬಾರದೇ? ಮಾರನೆಯ ದಿನ ಹೊಸ ಶರಟು ಹಾಕಿಕೊಂಡು ಬಂದು, ಹೇಳುವ ಮೊದಲೇ ಮೂಲೆಯಲ್ಲಿ ಕೂತ.

ಮೇಡಮ್ ಬಂದರು. ಡೈರೆಕ್ಟರು ಟೈ ಸರಿಮಾಡಿಕೊಂಡು "ಗುಡ್ ಮಾರ್ನಿಂಗ್" ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯಾಚೆ ಜನರೇಟರ್ ಗುಡುಗಿತು.

ಡೈರೆಕ್ಟರು ಮಾತು ಮುಂದುವರಿಸಿದರು. ಮೇಡಮ್ ಕಿವಿಗೆ ಕೈ ಇಟ್ಟರು. ಇವರು ಕೂಗಿದರು. ಅವರು ಇನ್ನಷ್ಟು ಬಗ್ಗಿದರು. ಇವರ ಕುತ್ತಿಗೆಯ ನರ ಉಬ್ಬಿತು, ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿಗೆ ಇಳಿಯಿತು, ಒಂದು ಅಕ್ಷರವೂ ದಾಟಲಿಲ್ಲ. ನಾವೋ, ಜನರೇಟರ್ ಓಡಿದಾಗಲೆಲ್ಲ ಅಭ್ಯಾಸವಾಗಿದ್ದ ಹಾಗೆ, ನಮಗೇ ತಿಳಿಯದೆ ಮಧುರೈ ಹುಡುಗ ಕಲಿಸಿದ್ದ ಕೈಮಾತಿಗೆ ಇಳಿದಿದ್ದೆವು. ಯಂತ್ರ ಹಾಕು, ಕಾಗದ ತುಂಬು, ಬೋರ್ಡು ಎಳೆ ಎಂದು ಐವರ ಕೈಗಳೂ ಓಡಾಡುತ್ತಿದ್ದವು. ಮೇಡಮ್ ಡೈರೆಕ್ಟರರನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರು.

ಆಗ ಮಧುರೈ ಹುಡುಗ ಮೂಲೆಯಿಂದ ಎದ್ದ. ಮೇಡಮ್ಮಿಗೆ ನಮಸ್ಕಾರ ಮಾಡಿ ಯಂತ್ರದ ಮುಂದೆ ನಿಂತ. ಬೇಕೆಂದೇ ತಪ್ಪು ಗುಂಡಿ ಒತ್ತಿದ. ಆ ಗದ್ದಲದಲ್ಲಿ ಕೀ ಕೀ ಸದ್ದು ಯಾರಿಗೂ ಕೇಳಿಸಲಿಲ್ಲ, ಆದರೆ ಕೆಂಪು ದೀಪ ಮಿನುಗಿತು. ಅವನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದ: "ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬಂದಾಗ ಎಲ್ಲರೂ ನನ್ನ ಹಾಗೇ." ಮೇಡಮ್ ಅದನ್ನು ಎರಡು ಸಲ ಓದಿದರು. ಆಮೇಲೆ ಅವನ ಕೈಯಿಂದ ಪೆನ್ನು ಇಸಿದುಕೊಂಡು ಪ್ರಶ್ನೆ ಬರೆಯತೊಡಗಿದರು. ಅವನು ಉತ್ತರ ಬರೆದ. ನನ್ನ ಕಣ್ಣಲ್ಲಿ ನೀರು ನಿಂತಿತು.

ಎಲ್ಲ ಮುಗಿದ ಮೇಲೆ ಅವನಿಗೆ ಡೈರೆಕ್ಟರರ ನೆನಪಾಯಿತು. ಅವರ ಮುಂದೆ ನಿಂತು, ನೀವು ಹೇಳಿ, ನಾನು ಬರೆಯುತ್ತೇನೆ ಎಂದು ಸನ್ನೆ ಮಾಡಿದ. ಆ ಸದ್ದಿನಲ್ಲಿ ಡೈರೆಕ್ಟರರ ಮಾತು ತಿಳಿಯಬಲ್ಲವನು ಇಡೀ ರೂಮಿಗೆ ಅವನೊಬ್ಬನೇ. ಅವರು ಬೇರೆ ದಾರಿಯಿಲ್ಲದೆ ತಯಾರಿ ಮಾಡಿಕೊಂಡು ಬಂದಿದ್ದ ಇಡೀ ಭಾಷಣವನ್ನು ತುಟಿಯಲ್ಲಿ ಆಡಿದರು. ಅವನು ಗಮನವಿಟ್ಟು ನೋಡಿ, ಬೋರ್ಡಿನ ಮೇಲೆ ಬರೆದ: "ಡೈರೆಕ್ಟರು ನಿಮ್ಮನ್ನು ಸ್ವಾಗತಿಸುತ್ತಾರೆ." ಮೇಡಮ್ ಅದರ ಕೆಳಗೆ, "ನಾನು ಕಂಡ ಅತ್ಯುತ್ತಮ ಭಾಷಣ" ಎಂದು ಬರೆದರು.

ಅದೇ ಹೊತ್ತಿಗೆ ಕರೆಂಟು ಬಂದು, ಜನರೇಟರ್ ನಿಂತು, ಟ್ಯೂಬ್‌ಲೈಟು ಮಿನುಗಿತು. ನಾವು ಐವರೂ ಕೆಲಸ ಬಿಟ್ಟು, ಮೇಡಮ್ಮಿಗೆ ಬೆನ್ನು ಹಾಕಿ, ಬಾಗಿಲ ಕಡೆ ತಿರುಗಿ ನಿಂತೆವು. ಏನೋ ಸಂಪ್ರದಾಯವಿರಬೇಕು ಎಂದು ಮೇಡಮ್ಮೂ ತಿರುಗಿದರು. ಡೈರೆಕ್ಟರೂ ತಿರುಗಿದರು. ಬಾಗಿಲಲ್ಲಿ ಕ್ಯಾಂಟೀನಿನ ಯಜಮಾನ ತಟ್ಟೆ ಹಿಡಿದು ನಿಂತಿದ್ದ. ಇಷ್ಟು ಜನ ಒಟ್ಟಿಗೆ ತನ್ನ ಕಡೆ ತಿರುಗಿದ್ದು ನೋಡಿ ಬೆವತು, "ಸಾರ್, ಸಮೋಸ ನಿನ್ನೆಯದಲ್ಲ, ಇವತ್ತಿನದೇ" ಎಂದ.

ಕೊನೆಯದು

ಆ ರೂಮು ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಮಧುರೈ ಹುಡುಗ ಇವತ್ತು ದೊಡ್ಡ ಟೀಮಿಗೆ ಮುಖ್ಯಸ್ಥ. ಅಜ್ಜಿಯೂ ಇಲ್ಲ. ಪುಳಿಯೋಗರೆಯ ವಾಸನೆ ಬಂದಾಗಲೆಲ್ಲ ಗಿರಾಕಿ ಬಂದುಹೋದ ಮರುದಿನದ ಮಧ್ಯಾಹ್ನ ನೆನಪಾಗುತ್ತದೆ.

ನಾವು ಊಟಕ್ಕೆ ಕೂತಿದ್ದೆವು. ಮೇಡಮ್ ಮೆಚ್ಚಿದ್ದರು, ಆದರೆ ಡೈರೆಕ್ಟರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ಲೈಟು ಮಿನುಗಿತು. ತಿರುಗಿ ನೋಡಿದರೆ ಸ್ವಿಚ್ಚಿನ ಮೇಲೆ ಕೈ ಇಟ್ಟು ಡೈರೆಕ್ಟರು ನಿಂತಿದ್ದಾರೆ! ನಾವು ಎಲ್ಲರೂ ತಿರುಗಿದ ಮೇಲೆ, ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು. ಮಧುರೈ ಹುಡುಗ ನಮ್ಮನ್ನೆಲ್ಲ ಒಮ್ಮೆ ನೋಡಿ, ನೀವು ಮಾತಾಡಬಹುದು ಎಂದು ಸನ್ನೆ ಮಾಡಿದ.

ಅವರು ನೇರವಾಗಿ ಅವನ ಮುಂದೆ ಬಂದು, ತುಟಿ ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ ಹೇಳಿದರು. "ನಿನ್ನ ಕೆಲಸ ಖಾಯಂ." ಕಾಸಿಮೇಡು ಹುಡುಗಿ ಹಾಕಿದ ಕೇಕೆ ಅಂದು ಅವನಿಗೂ ಕೇಳಿಸಿರಬೇಕು. ಸುಬೇದಾರರು ಸೆಲ್ಯೂಟ್ ಹೊಡೆದು ಭುಜ ತಟ್ಟಿದರು, ಕನ್ನಡಕ ಸಾಂಬಾರಿಗೆ ಬಿತ್ತು. ನಾನು ಅತ್ತೇಬಿಟ್ಟೆ.

ಡೈರೆಕ್ಟರರನ್ನು ಕೂರಿಸಿ ಅಜ್ಜಿಯ ಪುಳಿಯೋಗರೆ ಬಡಿಸಿದೆ. ಎರಡು ತುತ್ತು ತಿಂದರು. ಅವರ ಕಣ್ಣು ಕಾಸಿಮೇಡು ಹುಡುಗಿಯ ಡಬ್ಬಿಯ ಮೇಲೆ ನಿಂತಿತು. ಬಾಗಿಲ ಕಡೆ ನೋಡಿದರು. "ಕಲ್ಕತ್ತೆಯ ಹಾಸ್ಟೆಲಿನಲ್ಲಿ ಓದುವಾಗ ಅಭ್ಯಾಸವಾಗಿತ್ತು. ಮೈಲಾಪುರಕ್ಕೆ ಗೊತ್ತಾಗಬಾರದು" ಎಂದು ಪಿಸುಗುಟ್ಟಿ ತಟ್ಟೆ ಮುಂದೆ ಹಿಡಿದರು. ಅವಳು ಮೀನಿನ ದೊಡ್ಡ ತುಂಡನ್ನೇ ಇಟ್ಟಳು.

ಸಂಜೆ ಅಜ್ಜಿ ಎಂದಿನಂತೆ ಬಾಗಿಲಲ್ಲಿ ಕಾಯುತ್ತಿದ್ದರು. ಹುಡುಗನ ಕೆಲಸ ಖಾಯಮಾದ ಸುದ್ದಿ ಹೇಳಿದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಡೈರೆಕ್ಟರೂ ನಮ್ಮ ಜೊತೆ ಪುಳಿಯೋಗರೆ ತಿಂದರು ಎಂದೆ.

"ಹೇಗಿತ್ತಂತೆ?"

"ತುಂಬಾ ಇಷ್ಟಪಟ್ಟು ತಿಂದರು ಅಜ್ಜಿ. ಈಚೆಗೆ ಯಾಕೋ ಹುಳಿ ಒಂದು ಹಿಡಿ ಜಾಸ್ತಿಯಾಗ್ತಿದೆ, ಆದರೂ ಬಟ್ಟಲು ನೆಕ್ಕಿದರು."

ಅಜ್ಜಿ ದೀಪದ ಬತ್ತಿ ಸರಿಮಾಡುತ್ತಾ, ನನ್ನ ಕಡೆ ತಿರುಗದೆ ಹೇಳಿದರು.

"ಆ ಕಾಸಿಮೇಡು ಪೊಣ್ಣು ಫೋನ್ ಮಾಡಿದ್ಲು ಕಣೇ. ಮೀನಿನ ಜೊತೆಗೆ ಅಂದರೆ ಪುಳಿ ಸ್ವಲ್ಪ ಜಾಸ್ತಿ ಇರಬೇಕು ಪಾಟಿ ಅಂದಳು. ಅವತ್ತಿನಿಂದ ಅವಳ ಅಳತೆಗೇ ಹಾಕ್ತಿದ್ದೀನಿ."